ನೀರಲ್ಲಿ ಮುಳುಗೆದ್ದ ಎಂಜಿನ್: ಲಕ್ಷಣ ನೋಡಿ ದೋಷ ಹಿಡಿಯುವುದು ಹೇಗೆ

ಡ್ಯಾಂನಿಂದ ನೀರು ಬಿಟ್ಟರು ಅಂದರೆ ನಮ್ಮ ಹೊಳೆದಂಡೆಯಲ್ಲಿ ಮೊದಲು ಮುಳುಗುವುದು ಎಂಜಿನ್‌ಗಳು. ಕಂಪ್ಲಿ, ಸಿರುಗುಪ್ಪ, ಆನೆಗೊಂದಿ ಕಡೆ ತುಂಗಭದ್ರೆ ಪಕ್ಕದ ಡೀಸೆಲ್ ಪಂಪ್‌ಸೆಟ್‌ಗಳು. ಲಿಂಗಸುಗೂರು, ದೇವದುರ್ಗದ ಕಡೆ ಕೃಷ್ಣೆ ಪಕ್ಕದವು. ತಗ್ಗಿನ ಓಣಿಗಳಲ್ಲಿ ನಿಲ್ಲಿಸಿದ ಬೈಕುಗಳು. 2009ರ ಅಕ್ಟೋಬರ್ ನೆರೆ ನೋಡಿದವರಿಗೆ ಇದನ್ನು ಹೇಳಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಅಂಥ ಹೊತ್ತಿನಲ್ಲಿ ಎಂಜಿನ್ ಬಿಚ್ಚಿ ಮೇಲೆ ಸಾಗಿಸಲು ಯಾರಿಗೂ ಪುರುಸೊತ್ತು ಇರುವುದಿಲ್ಲ. ಇವುಗಳ ಜೊತೆಗೆ ದೋಣಿಯ ಹಿಂಬದಿಗೆ ಕಟ್ಟುವ ಔಟ್‌ಬೋರ್ಡ್ ಎಂಜಿನ್ ಸೇರಿಸಿಕೊಳ್ಳಿ. ಕೃಷ್ಣೆ ಮೇಲಿನ ಶೀಲಹಳ್ಳಿ ಸೇತುವೆ ಮುಳುಗಿದಾಗ ನಡುಗಡ್ಡೆಯ ಜನಕ್ಕೆ ಅದೇ ದಿಕ್ಕು. ದೋಣಿ ಮಗುಚಿದರೆ ಅದೂ ತಳ ಸೇರುತ್ತದೆ.

ಈ ಬರಹ ಆ ಎಂಜಿನ್‌ಗಳಿಗಾಗಿ. ಮುಳುಗಿದ್ದು ಹೋಯಿತು ಅಂತ ಗುಜರಿಗೆ ಹಾಕುವ ಎಷ್ಟೋ ಎಂಜಿನ್‌ಗಳು ಉಳಿಯುವಂಥವೇ. ಮುಳುಗಿದ್ದರಿಂದ ಎಂಜಿನ್ ಸಾಯುವುದು ಕಡಿಮೆ. ಮೇಲೆ ಎತ್ತಿದ ಕೂಡಲೇ ಹೊಡೆಯುವ ಮೊದಲ ಕಿಕ್ ಒಂದು, ಆಮೇಲೆ ಸುಮ್ನೆ ಬಿಟ್ಟ ಎರಡು ದಿನ ಇನ್ನೊಂದು, ಇವೇ ಜಾಸ್ತಿ ಹಾಳು ಮಾಡುತ್ತವೆ.

ಇದಕ್ಕೆ ಒಳ್ಳೆ ಸಾಕ್ಷಿ ಅಮೆರಿಕದ ವಿಸ್ಕಾನ್ಸಿನ್‌ನಲ್ಲಿದೆ. ಅಲ್ಲಿನ ಗ್ರಾಂಟ್ಸ್‌ಬರ್ಗ್ ಊರಲ್ಲಿ 1977ರಿಂದ ಬೇಸಿಗೆಯಲ್ಲಿ ಸ್ನೋಮೊಬೈಲ್‌ಗಳನ್ನು ಕೆರೆ ನೀರಿನ ಮೇಲೆ ಓಡಿಸುವ ಪಂದ್ಯ ನಡೆಯುತ್ತಿದೆ. ಹಿಮದ ಮೇಲೆ ಓಡಲು ಮಾಡಿದ ಗಾಡಿ ಅದು. ವೇಗ ಇರುವಷ್ಟು ಹೊತ್ತು ಅದರ ಪಟ್ಟಿ ನೀರನ್ನು ಹಿಂದಕ್ಕೆ ತಳ್ಳುತ್ತಾ ಮೇಲೇ ಓಡುತ್ತದೆ. ವೇಗ ತಗ್ಗಿತೋ, ಮುಳುಗುತ್ತದೆ. ಮುಳುಗಿದ್ದನ್ನು ಎಳೆದು ತಂದು, ಪ್ಲಗ್ ಬಿಚ್ಚಿ ನೀರು ಹೊರಗೆ ಹಾಕಿ, ಮತ್ತೆ ಓಡಿಸುತ್ತಾರೆ. ಆ ಎಂಜಿನ್‌ಗಳಲ್ಲಿ ವಿಶೇಷ ಏನೂ ಇಲ್ಲ. ಮಾಡುವ ಕೆಲಸ ತಕ್ಷಣ ಮಾಡುತ್ತಾರೆ, ಅದೂ ಸರಿಯಾದ ಕ್ರಮದಲ್ಲಿ.

ಮುಟ್ಟುವ ಮುಂಚೆ

ನೀರು ಇಳಿಯುವ ತನಕ ಎಂಜಿನ್ ತರಲು ಹೊಳೆಗೆ ಇಳಿಯಬೇಡಿ. ಸೆಳೆತದ ಮಾತು ಹಾಗಿರಲಿ, ಕೃಷ್ಣೆ, ತುಂಗಭದ್ರೆ ಎರಡರಲ್ಲೂ ಮೊಸಳೆಗಳಿವೆ. ನೆರೆ ಇಳಿದ ಮೇಲೆ ಪಂಪ್ ಶೆಡ್ಡಿನಲ್ಲಿ ಹಾವು ಸೇರಿಕೊಂಡಿರುತ್ತದೆ, ಕೋಲಿನಿಂದ ತಟ್ಟಿ ನೋಡಿ ಒಳಗೆ ಹೋಗಿ. ಪಕ್ಕದಲ್ಲಿ ಕರೆಂಟಿನ ಮೋಟರ್, ಸ್ಟಾರ್ಟರ್ ಡಬ್ಬಿ ಇದ್ದರೆ ಲೈನ್‌ಮ್ಯಾನ್‌ಗೆ ಹೇಳಿ ಲೈನ್ ತೆಗೆಸುವ ತನಕ ಒದ್ದೆ ನೆಲಕ್ಕೆ ಕಾಲಿಡಬೇಡಿ.

ಬೈಕು, ಕಾರಿಗೆ ವಿಮೆ ಇದ್ದರೆ ಮೊದಲು ನೀರಿನ ಗುರುತು ಕಾಣುವ ಹಾಗೆ ಫೋಟೊ ತೆಗೆದುಕೊಳ್ಳಿ. ನೀರು ತುಂಬಿದ ಎಂಜಿನ್ ಸ್ಟಾರ್ಟ್ ಮಾಡಿ ಕೆಟ್ಟರೆ ಸಾಮಾನ್ಯ ಪಾಲಿಸಿಯಲ್ಲಿ ಹಣ ಸಿಗುವುದು ಕಷ್ಟ.

ಆಮೇಲೆ ಎರಡು ಪ್ರಶ್ನೆ ಕೇಳಿಕೊಳ್ಳಿ. ಮುಳುಗುವಾಗ ಎಂಜಿನ್ ಓಡುತ್ತಿತ್ತಾ, ನಿಂತಿತ್ತಾ? ನೀರಿನಿಂದ ಹೊರಗೆ ಬಂದು ಎಷ್ಟು ಹೊತ್ತಾಯಿತು? ನಿಂತಿದ್ದ ಎಂಜಿನ್ ಆದರೆ ಭರವಸೆ ಜಾಸ್ತಿ. ಓಡುತ್ತಿದ್ದಾಗಲೇ ಗಕ್ಕನೆ ನಿಂತಿದ್ದರೆ ಒಳಗೆ ಏನಾದರೂ ಬಗ್ಗಿರುವ ಸಾಧ್ಯತೆ ಇದೆ, ಮುಂದಿನ ಪ್ರತಿ ಹೆಜ್ಜೆಯಲ್ಲೂ ಅದನ್ನು ನೆನಪಿಟ್ಟುಕೊಳ್ಳಿ.

ಲಕ್ಷಣ: ಈಗಷ್ಟೇ ಮೇಲೆ ಬಂದಿದೆ, ಯಾರೂ ಸ್ಟಾರ್ಟ್ ಮಾಡಿ ನೋಡಿಲ್ಲ

ಇದಕ್ಕಿಂತ ಒಳ್ಳೆ ಸ್ಥಿತಿ ಇಲ್ಲ. ಕೀ ತಿರುಗಿಸಬೇಡಿ, ಹಗ್ಗ ಎಳೆಯಬೇಡಿ, ಕಿಕ್ ಹೊಡೆಯಬೇಡಿ. ಬ್ಯಾಟರಿ ಇದ್ದರೆ ಮೊದಲು ಮೈನಸ್ ವೈರ್, ಆಮೇಲೆ ಪ್ಲಸ್ ಬಿಚ್ಚಿ. ನೀರಲ್ಲಿ ಕರೆಂಟ್ ಹರಿಯುತ್ತಿದ್ದರೆ ತಾಮ್ರದ ವೈರು ಬೇಗ ಹಸಿರುಗಟ್ಟಿ ತಿಂದುಹೋಗುತ್ತದೆ.

ಮೈಮೇಲಿನ ಮಣ್ಣನ್ನು ಒಳ್ಳೆ ನೀರಿನಿಂದ ಮೆಲ್ಲಗೆ ತೊಳೆಯಿರಿ. ಸರ್ವಿಸ್ ಅಂಗಡಿಯ ಜೋರು ಪ್ರೆಷರ್ ಬೇಡ, ಅದು ಮಣ್ಣನ್ನು ಸೀಲ್‌ಗಳ ಒಳಕ್ಕೇ ನೂಕುತ್ತದೆ. ನಮ್ಮ ಹೊಳೆ ನೀರು ಸಿಹಿ, ಸಮುದ್ರದ ಉಪ್ಪಿನ ಹಾಗೆ ಗಂಟೆಗಳಲ್ಲಿ ತಿನ್ನುವುದಿಲ್ಲ. ಆದರೆ ನೆರೆ ನೀರಿನಲ್ಲಿ ಎರೆಮಣ್ಣು, ಉಸುಕು ತುಂಬಿರುತ್ತದೆ. ನಮ್ಮ ಕಡೆ ನೀರಿಗಿಂತ ಈ ಉಸುಕಿನ ಕಾಟವೇ ದೊಡ್ಡದು.

ಅವತ್ತೇ ಕೈ ಹಚ್ಚಲು ಆಗದಿದ್ದರೆ? ಕೇಳಿದವರು ಮೊದಲು ನಂಬುವುದಿಲ್ಲ, ಆದರೆ ಔಟ್‌ಬೋರ್ಡ್ ಕೆಲಸ ಗೊತ್ತಿದ್ದವರು ಹೇಳುವುದು ಇದನ್ನೇ: ಶುದ್ಧ ನೀರು ತುಂಬಿದ ಡ್ರಮ್ಮಿನಲ್ಲಿ ಎಂಜಿನ್ ಪೂರ್ತಿ ಮುಳುಗಿಸಿ ಇಡಿ. ತುಕ್ಕು ಹಿಡಿಯಲು ನೀರಿನ ಜೊತೆ ಗಾಳಿಯೂ ಬೇಕು. ಒದ್ದೆ ಬೇರಿಂಗ್‌ಗೆ ಗಾಳಿ ತಾಗಿದ ಕೆಲವೇ ಗಂಟೆಗಳಲ್ಲಿ ಕೆಂಪು ಶುರುವಾಗುತ್ತದೆ. ಮುಳುಗಿಯೇ ಇದ್ದರೆ ಅದು ನಿಧಾನ. ನಾಳೆ ಮೆಕ್ಯಾನಿಕ್ ಬರುತ್ತಾರೆ ಅಂದರೆ ನಾಳೆವರೆಗೆ ನೀರಲ್ಲೇ ಇರಲಿ. ಇದು ದೋಣಿ ಎಂಜಿನ್‌ಗೆ ಹೇಳಿದ ಮಾತು. ಬೈಕು, ಪಂಪ್‌ಸೆಟ್‌ಗೆ ಇದು ಆಗದ ಕೆಲಸ, ಅವನ್ನು ಅವತ್ತೇ ಬಿಚ್ಚಿ ನೀರು ಇಳಿಸಬೇಕು.

ಲಕ್ಷಣ: ಹಗ್ಗ ಎಳೆದರೆ, ಹ್ಯಾಂಡಲ್ ಹೊಡೆದರೆ ಗಟ್ಟಿಯಾಗಿ ನಿಲ್ಲುತ್ತದೆ

"ಎಂಜಿನ್ ಹಿಡಿದುಬಿಟ್ಟಿದೆ" ಅಂತ ಗಾಬರಿಯಾಗುವುದು ಇಲ್ಲೇ. ಬಹಳ ಸಲ ಅದು ಹಿಡಿದಿರುವುದಿಲ್ಲ, ಸಿಲಿಂಡರ್‌ನಲ್ಲಿ ನೀರು ಕೂತಿರುತ್ತದೆ. ಗಾಳಿಯನ್ನು ಒತ್ತಿ ಚಿಕ್ಕದು ಮಾಡಬಹುದು, ನೀರನ್ನು ಆಗುವುದಿಲ್ಲ. ಪಿಸ್ಟನ್ ಮೇಲೆ ಬರುತ್ತದೆ, ನೀರು ಜಾಗ ಬಿಡುವುದಿಲ್ಲ. ಆಗ ಬಲ ಹಾಕಿದರೆ ಬಗ್ಗುವುದು ಕನೆಕ್ಟಿಂಗ್ ರಾಡ್, ಅಂದರೆ ಪಿಸ್ಟನ್ನನ್ನು ಕೆಳಗಿನ ಕ್ರ್ಯಾಂಕ್ ದಂಡಕ್ಕೆ ಜೋಡಿಸುವ ಸರಳು.

ಎಷ್ಟು ನೀರು ಸಾಕು ಗೊತ್ತಾ? 100 ಸಿಸಿ ಬೈಕಿನ ಕಂಪ್ರೆಷನ್ 10ಕ್ಕೆ 1 ಅಂತ ಹಿಡಿಯಿರಿ, ಅಂದರೆ ಒಳಗಿನ ಜಾಗ ಹತ್ತನೇ ಒಂದು ಪಾಲಿಗೆ ಕುಗ್ಗುತ್ತದೆ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಉಳಿಯುವ ಜಾಗ ಸುಮಾರು 11 ಸಿಸಿ, ಅಂದರೆ ಎರಡು ಟೀ ಚಮಚ. 550 ಸಿಸಿಯ ಒಂಟಿ ಸಿಲಿಂಡರ್ ಡೀಸೆಲ್‌ನಲ್ಲಿ ಕಂಪ್ರೆಷನ್ 16.5ಕ್ಕೆ 1 ಇದ್ದರೆ ಆ ಜಾಗ ಸುಮಾರು 35 ಸಿಸಿ. ಎಂಜಿನ್ ಐದು ಪಟ್ಟು ದೊಡ್ಡದಾದರೂ ತಡೆಯಬಲ್ಲ ನೀರು ಮೂರು ಪಟ್ಟೇ. ಸೆಲ್ಫ್ ಸ್ಟಾರ್ಟರ್ ಒತ್ತಿ ನೋಡೋಣ ಅನ್ನುವುದು ಯಾಕೆ ಬೇಡ ಅಂತ ಈಗ ಗೊತ್ತಾಯಿತಲ್ವಾ?

ಪೆಟ್ರೋಲ್ ಎಂಜಿನ್ ಆದರೆ ಪ್ಲಗ್ ಬಿಚ್ಚಿ. ಔಟ್‌ಬೋರ್ಡ್‌ನ ಸ್ಟಾಪ್ ಸ್ವಿಚ್ಚಿನ ಹಗ್ಗ ಕಿತ್ತಿಡಿ, ಕಿಡಿ ಹಾರಬಾರದು. ಪ್ಲಗ್ ತೂತು ಕೆಳಗೆ ಬರುವ ಹಾಗೆ ಹಳೆ ಟೈರಿನ ಮೇಲೆ ಎಂಜಿನ್ ಮಲಗಿಸಿ. ಫ್ಲೈವೀಲನ್ನು, ಅಂದರೆ ಎಂಜಿನ್ ಜೊತೆ ಸುತ್ತುವ ಭಾರದ ಚಕ್ರವನ್ನು, ಕೈಯಿಂದ, ಅದು ಓಡುವ ದಿಕ್ಕಿನಲ್ಲೇ, ಮೆಲ್ಲಗೆ ತಿರುಗಿಸಿ. ಮೊದಲು ಬಳಬಳ ಬರುತ್ತದೆ, ಆಮೇಲೆ ಹನಿ, ಕೊನೆಗೆ ಬರೀ ಗಾಳಿಯ ಉಸ್ ಸದ್ದು. ಇಪ್ಪತ್ತು ಸುತ್ತಾದರೂ ತಿರುಗಿಸಿ. ಟೂ ಸ್ಟ್ರೋಕ್ (ಪೆಟ್ರೋಲ್ ಜೊತೆಗೇ ಆಯಿಲ್ ಉರಿಯುವ ಎಂಜಿನ್) ಆದರೆ ಪಿಸ್ಟನ್ ಕೆಳಗಿನ ಕ್ರ್ಯಾಂಕ್ ಕೋಣೆಯಲ್ಲೂ ನೀರು ಇರುತ್ತದೆ. ಆ ಕಡೆ, ಈ ಕಡೆ ಹೊರಳಿಸಿ ಮತ್ತೆ ತಿರುಗಿಸಿ.

ಡೀಸೆಲ್ ಪಂಪ್‌ಸೆಟ್ ಆದರೆ ಏರ್ ಫಿಲ್ಟರ್, ಸೈಲೆನ್ಸರ್ ಎರಡನ್ನೂ ಬಿಚ್ಚಿ. ವಾಲ್ವ್ ತೆರೆದು ಹಿಡಿಯುವ ಡಿಕಂಪ್ರೆಷನ್ ಲಿವರ್ ಎತ್ತಿ ಹಿಡಿದು ಹ್ಯಾಂಡಲ್ ಮೆಲ್ಲಗೆ ತಿರುಗಿಸಿ. ತೆರೆದ ವಾಲ್ವ್ ದಾರಿಯಲ್ಲಿ ನೀರು ಹೊರಗೆ ಬರುತ್ತದೆ. ಬರದಿದ್ದರೆ ಡೀಸೆಲ್ ಸಿಂಪಡಿಸುವ ನಾಜಲ್ ಬಿಚ್ಚಿಸಬೇಕು. ಲಿವರ್ ಬಿಟ್ಟು ಹೊಡೆದು ನೋಡುವುದು ಕೊನೆಗೆ.

ನೀರು ಪೂರ್ತಿ ಬಂದ ಮೇಲೂ ತಿರುಗುತ್ತಿಲ್ಲವೇ? ಪಿಸ್ಟನ್ ಸುತ್ತಲಿನ ರಿಂಗ್ ತುಕ್ಕು ಹಿಡಿದಿರಬಹುದು. ಪ್ಲಗ್ ತೂತಿನಲ್ಲಿ ಸ್ವಲ್ಪ ಡೀಸೆಲ್ ಮತ್ತು ಎಂಜಿನ್ ಆಯಿಲ್ ಬೆರೆಸಿ ಹಾಕಿ, ಒಂದು ರಾತ್ರಿ ಬಿಡಿ. ಮಾರನೇ ದಿನ ಕೈಯಿಂದ ಅಲ್ಲಾಡಿಸಿ ನೋಡಿ. ಅಲುಗದಿದ್ದರೆ ಪಾನಾಕ್ಕೆ ಪೈಪ್ ಹಾಕಿ ಎಳೆಯಬೇಡಿ. ಅಲ್ಲಿಗೆ ನಿಲ್ಲಿಸಿ, ಹೆಡ್ ಬಿಚ್ಚುವವರಿಗೆ ಕೊಡಿ.

ಲಕ್ಷಣ: ತಿರುಗುತ್ತದೆ, ಆದರೆ ಕರಕರ ಅನ್ನುತ್ತದೆ, ಒಂದು ಕಡೆ ತಡೆಯುತ್ತದೆ

ಸದ್ದನ್ನು ಕಿವಿಗಿಂತ ಕೈಯಲ್ಲಿ ಹಿಡಿಯಿರಿ. ಫ್ಲೈವೀಲ್ ಮೇಲೆ ಅಂಗೈ ಇಟ್ಟು ಒಂದು ಸುತ್ತನ್ನು ಆದಷ್ಟು ನಿಧಾನ ತಿರುಗಿಸಿ. ಇಡೀ ಸುತ್ತಿನಲ್ಲಿ ಒಂದೇ ಸಮ ಕರಕರ ಬಂದರೆ ಉಸುಕು, ಬೇರಿಂಗ್‌ಗೋ ಸಿಲಿಂಡರ್‌ಗೋ ಸೇರಿದೆ. ಪ್ರತಿ ಸುತ್ತಿನಲ್ಲೂ ಅದೇ ಜಾಗಕ್ಕೆ ಬಂದಾಗ ಮಾತ್ರ ತಡೆದರೆ ರಾಡ್ ಬಗ್ಗಿರುವ ಅನುಮಾನ. ಎರಡರಲ್ಲಿ ಯಾವುದೇ ಇದ್ದರೂ ಸ್ಟಾರ್ಟ್ ಮಾಡಬೇಡಿ. ಉಸುಕು ಹತ್ತು ನಿಮಿಷದಲ್ಲಿ ಸಿಲಿಂಡರ್ ಒಳಮೈ ಗೀರಿ ಹಾಕುತ್ತದೆ.

ರಾಡ್ ಬಗ್ಗಿದೆಯಾ ಅಂತ ನೋಡಲು ಸುಲಭದ ದಾರಿ ಇದೆ. ತಲೆ ಮೇಲಿಂದ ನೇರ ಪ್ಲಗ್ ಇರುವ ಎಂಜಿನ್‌ನಲ್ಲಿ ತೂತಿನಿಂದ ಒಂದು ಕಡ್ಡಿ ಇಳಿಸಿ. ಪಿಸ್ಟನ್ ಪೂರ್ತಿ ಮೇಲೆ ಬಂದಾಗ ಕಡ್ಡಿಗೆ ಗುರುತು ಹಾಕಿ. ಎರಡು ಸಿಲಿಂಡರ್ ಇದ್ದರೆ ಎರಡರ ಗುರುತು ಒಂದೇ ಇರಬೇಕು. ಒಂದೇ ಸಿಲಿಂಡರ್ ಆದರೆ ಅದೇ ಮಾಡೆಲ್‌ನ ಒಳ್ಳೆ ಎಂಜಿನ್ ಜೊತೆ ಹೋಲಿಸಿ. ಬಗ್ಗಿದ ರಾಡ್ ಗಿಡ್ಡವಾಗಿರುತ್ತದೆ, ಪಿಸ್ಟನ್ ಕೆಳಗೇ ನಿಲ್ಲುತ್ತದೆ. ಗಟ್ಟಿ ಕಬ್ಬಿಣದ ಕಡ್ಡಿ ಬೇಡ. ಸಿಕ್ಕಿಕೊಂಡರೆ ಪಿಸ್ಟನ್ ತಲೆಗೇ ಪೆಟ್ಟು.

ಲಕ್ಷಣ: ಆಯಿಲ್ ಹಾಲು ಹಾಕಿದ ಚಹಾ ಬಣ್ಣಕ್ಕೆ ತಿರುಗಿದೆ

ಫೋರ್ ಸ್ಟ್ರೋಕ್ ಬೈಕು, ಡೀಸೆಲ್ ಎಂಜಿನ್‌ನಲ್ಲಿ ಇದನ್ನು ನೋಡದೆ ಮುಂದೆ ಹೋಗಬೇಡಿ. ಕೆಳಗೆ ಬಿಳಿ ಬೋಗುಣಿ ಇಟ್ಟು ಆಯಿಲ್ ಇಳಿಸುವ ಬೋಲ್ಟನ್ನು ಮೆಲ್ಲಗೆ ಸಡಿಲಿಸಿ. ಏನು ಯಾವ ಕ್ರಮದಲ್ಲಿ ಬರುತ್ತದೆ ಅಂತ ಗಮನಿಸಿ. ನೀರು ಆಯಿಲ್‌ಗಿಂತ ಭಾರ, ಹಾಗಾಗಿ ತಳದಲ್ಲಿ ಕೂತಿರುತ್ತದೆ. ಮೊದಲು ಬರೀ ನೀರು, ಆಮೇಲೆ ಕಪ್ಪು ಆಯಿಲ್ ಬಂದರೆ ಒಳ್ಳೆ ಸುದ್ದಿ. ಒಳಗೆ ನೀರು ಹೋಗಿದೆ, ಆದರೆ ಯಾರೂ ತಿರುಗಿಸಿ ಕಡೆದಿಲ್ಲ. ಮೊದಲ ಹನಿಯಿಂದಲೇ ಚಹಾ ಬಣ್ಣ ಬಂದರೆ ಎಂಜಿನ್ ಮುಳುಗಿದ ಮೇಲೆ ಸ್ವಲ್ಪವಾದರೂ ಓಡಿದೆ, ಇಲ್ಲ ಯಾರೋ ಹೊಡೆದು ನೋಡಿದ್ದಾರೆ. ಆ ಆಯಿಲ್‌ಗೆ ಬೇರಿಂಗ್ ಕಾಯುವ ಶಕ್ತಿ ಇರುವುದಿಲ್ಲ.

ಪೂರ್ತಿ ಇಳಿಸಿ, ಫಿಲ್ಟರ್ ಬದಲಿಸಿ. ಕಡಿಮೆ ಬೆಲೆಯ ಹೊಸ ಆಯಿಲ್ ಹಾಕಿ, ಮುಂದಿನ ಪರೀಕ್ಷೆ ಎಲ್ಲ ಮುಗಿದ ಮೇಲೆ ಐದು ನಿಮಿಷ ಓಡಿಸಿ, ಬಿಸಿ ಇರುವಾಗಲೇ ಇಳಿಸಿ. ಬಣ್ಣ ಇನ್ನೂ ಮಂಜಾಗಿದ್ದರೆ ಮತ್ತೊಮ್ಮೆ. ಎರಡು, ಮೂರು ಸಲ ಬೇಕಾಗುವುದು ಸಹಜ. ಇಲ್ಲಿ ಉಳಿಸುವ ಆಯಿಲ್ ದುಡ್ಡು ಆಮೇಲೆ ಕ್ರ್ಯಾಂಕ್‌ಗೆ ಹೋಗುತ್ತದೆ. ಡೀಸೆಲ್ ಹಾಕಿ ತೊಳೆಯುವ ರೂಢಿ ನಮ್ಮಲ್ಲಿದೆ. ತೊಳೆಯಿರಿ, ಆದರೆ ಕೈಯಿಂದ ತಿರುಗಿಸಿ ಇಳಿಸಿ. ಡೀಸೆಲ್ ತುಂಬಿಕೊಂಡು ಎಂಜಿನ್ ಓಡಿಸಬೇಡಿ.

ಲಕ್ಷಣ: ಚೆನ್ನಾಗಿ ತಿರುಗುತ್ತದೆ, ಆದರೆ ಸ್ಟಾರ್ಟ್ ಆಗುವುದಿಲ್ಲ

ಮೊದಲು ಪೆಟ್ರೋಲ್ ನೋಡಿ, ಖರ್ಚಿಲ್ಲದ ಕೆಲಸ. ಕಾರ್ಬೋರೇಟರ್ ಕೆಳಗಿನ ತಿರುಪು ಬಿಚ್ಚಿ ಒಂದು ಪಾರದರ್ಶಕ ಗಾಜಿನ ಬಾಟಲಿಗೆ ಹಿಡಿಯಿರಿ. ಅಲುಗಾಡಿಸದೆ ಸ್ವಲ್ಪ ಹೊತ್ತು ಬಿಡಿ. ಮೇಲೆ ಒಂದು, ಕೆಳಗೆ ಒಂದು ಪದರ ಕಂಡರೆ ನೀರು ಸೇರಿದೆ. ಈಗಿನ ಎಥನಾಲ್ ಬೆರೆತ ಪೆಟ್ರೋಲ್‌ನಲ್ಲಿ ಇನ್ನೊಂದು ತೊಂದರೆ ಇದೆ. ನೀರು ಜಾಸ್ತಿಯಾದರೆ ಎಥನಾಲ್ ಕೂಡ ನೀರಿನ ಜೊತೆ ಸೇರಿ ಕೆಳಗಿಳಿಯುತ್ತದೆ. ಮೇಲೆ ತಿಳಿಯಾಗಿ ಕಂಡದ್ದೂ ಒಳ್ಳೆ ಪೆಟ್ರೋಲ್ ಅಲ್ಲ. ಸೋಸಿ ಬಳಸುವ ಆಸೆ ಬಿಡಿ. ಟ್ಯಾಂಕ್, ಪೈಪ್, ಫಿಲ್ಟರ್, ಕಾರ್ಬೋರೇಟರ್ ಎಲ್ಲ ಖಾಲಿ ಮಾಡಿ ಹೊಸದು ತುಂಬಿ. ಈ ಕೆಲಸ ಬಯಲಲ್ಲಿ ಆಗಲಿ, ಹತ್ತಿರ ಬೀಡಿ, ಒಲೆ ಇರಬಾರದು. ಖಾಲಿ ಮಾಡಿದ್ದನ್ನು ಹೊಳೆಗೆ ಚೆಲ್ಲಬೇಡಿ.

ಆಮೇಲೆ ಕಿಡಿ. ಸ್ಟಾಪ್ ಸ್ವಿಚ್ಚಿನ ಹಗ್ಗ ಕಿತ್ತಿಟ್ಟಿದ್ದರೆ ಮತ್ತೆ ಹಾಕಿ. ಎರಡು ಪ್ಲಗ್ ಇಟ್ಟುಕೊಳ್ಳಿ. ಒಂದನ್ನು ಸಿಲಿಂಡರ್‌ಗೆ ಹಾಕಿ ಬಿಗಿ ಮಾಡಿ, ಇನ್ನೊಂದನ್ನು ಕ್ಯಾಪ್‌ಗೆ ಸಿಕ್ಕಿಸಿ ಎಂಜಿನ್ ಮೈಗೆ ತಾಗಿಸಿ ಹಗ್ಗ ಎಳೆಯಿರಿ. ತೂತು ತೆರೆದಿಟ್ಟು ಅದರ ಪಕ್ಕದಲ್ಲೇ ಕಿಡಿ ನೋಡುವುದು ಅಪಾಯ. ಒಳಗಿಂದ ಪೆಟ್ರೋಲ್ ಆವಿ ಬಂದು ಬೆಂಕಿ ಹತ್ತುತ್ತದೆ. ನೀಲಿ ಕಿಡಿ ಚಟಚಟ ಅಂದರೆ ಸರಿ. ಇಲ್ಲದಿದ್ದರೆ ಕ್ಯಾಪ್ ಒಳಗೆ ನೀರು, ಕನೆಕ್ಟರ್‌ಗಳಲ್ಲಿ ಮಣ್ಣು, ಸ್ಟಾಪ್ ಸ್ವಿಚ್ ಒದ್ದೆ, ಈ ಕ್ರಮದಲ್ಲಿ ನೋಡಿ. ಪ್ರತಿ ಕನೆಕ್ಟರ್ ಬಿಡಿಸಿ, ಒಳ್ಳೆ ನೀರಲ್ಲಿ ತೊಳೆದು, ಬಿಸಿಲಿಗೆ ಇಡಿ. ಗ್ಯಾಸ್ ಉರಿಗೆ ಹಿಡಿಯಬೇಡಿ. ಕಿಡಿ ಕೊಡುವ ಸಿಡಿಐ ಡಬ್ಬಿ, ಕಾಯಿಲ್‌ಗಳಿಗೆ ರಾಳ ತುಂಬಿರುತ್ತದೆ. ಅವು ನೀರಿಗೆ ಅಷ್ಟು ಬೇಗ ಸಾಯುವುದಿಲ್ಲ, ತಕ್ಷಣ ಹೊಸದು ಕೊಳ್ಳಬೇಡಿ. ಸೆಲ್ಫ್ ಮೋಟರ್ ಹಾಗಲ್ಲ, ಅದನ್ನು ಬಿಚ್ಚಿಸಿ ಒಣಗಿಸಲೇಬೇಕು.

2020ರ ಏಪ್ರಿಲ್ ನಂತರದ ಬಿಎಸ್6 ಬೈಕುಗಳಲ್ಲಿ ಹೆಚ್ಚಿನವಕ್ಕೆ ಕಾರ್ಬೋರೇಟರ್ ಬದಲು ಇಂಜೆಕ್ಷನ್ ಇರುತ್ತದೆ. ನೀರು, ಆಯಿಲ್ ಇಳಿಸುವ ತನಕ ನೀವು ಮಾಡಿ. ಅದರಾಚೆ ಸರ್ವಿಸ್ ಸೆಂಟರ್‌ಗೆ ಎಳೆದುಕೊಂಡು ಹೋಗಿ.

ಡೀಸೆಲ್ ಆದರೆ ಟ್ಯಾಂಕ್ ತೊಳೆದು, ಫಿಲ್ಟರ್ ಹೊಸದು ಹಾಕಿ, ಡೀಸೆಲ್ ಪೈಪಿನಲ್ಲಿ ಸಿಕ್ಕ ಏರ್ ತೆಗೆಯಿರಿ. ನಾಜಲ್‌ವರೆಗೆ ಡೀಸೆಲ್ ಬರದಿದ್ದರೆ ಪಂಪ್ ಒಳಗಿನ ಪ್ಲಂಜರ್ ತುಕ್ಕಿಗೆ ಸಿಕ್ಕಿಕೊಂಡಿದೆ. ಅದು ಪಂಪ್-ನಾಜಲ್ ಅಂಗಡಿಯ ಕೆಲಸ, ಮನೆಯಲ್ಲಿ ಸುತ್ತಿಗೆ ಹಿಡಿಯಬೇಡಿ. ನಾಜಲ್ ಸ್ಪ್ರೇಗೆ ಕೈ ಅಡ್ಡ ಇಟ್ಟು ನೋಡುವವರಿದ್ದಾರೆ. ಆ ಒತ್ತಡಕ್ಕೆ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತದೆ. ಹಾಗಾದರೆ ಗಾಯ ಚಿಕ್ಕದು ಕಂಡರೂ ಆಸ್ಪತ್ರೆಗೆ ಓಡಬೇಕು.

ಲಕ್ಷಣ: ಸ್ಟಾರ್ಟ್ ಆಗಿ ನಿಲ್ಲುತ್ತದೆ, ಬಿಳಿ ಹೊಗೆ ಬರುತ್ತದೆ

ಮೊದಲ ಕೆಲವು ನಿಮಿಷ ಬಿಳಿ ಹೊಗೆ ಬರುವುದು ಸೈಲೆನ್ಸರ್‌ನ ನೀರು ಆವಿಯಾಗಿ. ಕಾಯಿರಿ. ಆಮೇಲೂ ನಿಲ್ಲದಿದ್ದರೆ ಪೆಟ್ರೋಲ್‌ನಲ್ಲಿ ಇನ್ನೂ ನೀರಿದೆ, ಇಲ್ಲ, ನೀರಿನಿಂದ ತಣಿಯುವ ಎಂಜಿನ್ ಆದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು. ಡೀಸೆಲ್‌ನಲ್ಲಿ ಕಣ್ಣು ಉರಿಸುವ ಬಿಳಿ ಹೊಗೆ, ಜೊತೆಗೆ ಬಲ ಕಡಿಮೆ ಅಂದರೆ ಕಂಪ್ರೆಷನ್ ಸಾಲುತ್ತಿಲ್ಲ. ಬಗ್ಗಿದ ರಾಡ್ ಹೀಗೂ ತೋರುತ್ತದೆ.

ಸ್ವಲ್ಪ ದೂರ ಓಡಿ ಸಾಯುವ ಬೈಕಿಗೆ ಟ್ಯಾಂಕ್ ಮುಚ್ಚಳ ತೆಗೆದು ನೋಡಿ. ಮುಚ್ಚಳದ ಗಾಳಿ ತೂತಿಗೆ ಮಣ್ಣು ಮೆತ್ತಿದರೆ ಪೆಟ್ರೋಲ್ ಇಳಿಯುವುದಿಲ್ಲ. ಕಾಗದದ ಏರ್ ಫಿಲ್ಟರ್ ನೆನೆದಿದ್ದರೆ ಎಸೆಯಿರಿ, ಒಣಗಿಸಿದರೂ ಅದು ಮೊದಲಿನ ಹಾಗೆ ಆಗುವುದಿಲ್ಲ.

ಈ ಓಡಿಸಿ ನೋಡುವ ಕೆಲಸ ಮುಚ್ಚಿದ ಶೆಡ್ಡಿನಲ್ಲಿ ಬೇಡ. ಹೊಗೆಯಲ್ಲಿ ವಾಸನೆ ಇಲ್ಲದ ವಿಷಗಾಳಿ ಇರುತ್ತದೆ.

ಲಕ್ಷಣ: ದೋಣಿ ಎಂಜಿನ್ ಓಡುತ್ತದೆ, ಪಕ್ಕದ ತೂತಿನಿಂದ ನೀರು ಚಿಮ್ಮುತ್ತಿಲ್ಲ

ಕೂಡಲೇ ಬಂದ್ ಮಾಡಿ. ಔಟ್‌ಬೋರ್ಡ್ ತಣ್ಣಗಿರುವುದು ಹೊಳೆ ನೀರನ್ನೇ ಎಳೆದುಕೊಂಡು. ಆ ಸಣ್ಣ ಧಾರೆ ಬಂದರೆ ನೀರು ಒಳಗೆ ಸುತ್ತುತ್ತಿದೆ ಅಂತ ಅರ್ಥ. ಮೊದಲು ತೆಳು ತಂತಿಯಿಂದ ಆ ತೂತು ಬಿಡಿಸಿ. ಆಮೇಲೆ ಕೆಳಗಿನ ಜಾಲರಿಯಲ್ಲಿ ಮಣ್ಣು, ಜಲಸಸ್ಯ ಸಿಕ್ಕಿದೆಯಾ ನೋಡಿ. ಆದರೂ ಬರದಿದ್ದರೆ ಒಳಗೆ ನೀರು ತಳ್ಳುವ ರಬ್ಬರ್ ಇಂಪೆಲ್ಲರ್ ಉಸುಕಿಗೆ ಸವೆದಿದೆ. ಪರೀಕ್ಷೆಗೆ ಅಂತ ನೆಲದ ಮೇಲೆ ಒಣಗೇ ಓಡಿಸಬೇಡಿ, ಇಂಪೆಲ್ಲರ್ ಸುಟ್ಟುಹೋಗುತ್ತದೆ. ನೀರು ತುಂಬಿದ ಡ್ರಮ್ಮಿನಲ್ಲಿ ಓಡಿಸಿ, ದೋಣಿ ತಳ್ಳುವ ಕೆಳಗಿನ ಫ್ಯಾನಿನಿಂದ ಕೈ, ಬಟ್ಟೆ ದೂರ ಇರಲಿ.

ಗೇರ್ ಆಯಿಲ್ ಬಿಳಿಚಿದ್ದರೆ ಅದನ್ನು ಮುಳುಗಿದ್ದರ ಲೆಕ್ಕಕ್ಕೆ ಹಾಕಬೇಡಿ. ಆ ಭಾಗ ದಿನಾ ನೀರಲ್ಲೇ ಇರುತ್ತದೆ. ಸೀಲ್ ಮುಂಚೆಯೇ ಹೋಗಿದೆ, ಈಗ ಕಣ್ಣಿಗೆ ಬಿತ್ತು ಅಷ್ಟೇ.

ಲಕ್ಷಣ: ಚೆನ್ನಾಗಿ ಓಡಿತ್ತು, ಕೆಲವು ವಾರಕ್ಕೆ ಗರಗರ ಸದ್ದು ಬಂದಿದೆ

ಸ್ಟಾರ್ಟ್ ಆದ ದಿನ ಓಡಿಸಿದ್ದು ಕಡಿಮೆಯಾದರೆ ಹೀಗಾಗುತ್ತದೆ. ಟೂ ಸ್ಟ್ರೋಕ್‌ನಲ್ಲಿ ಕ್ರ್ಯಾಂಕ್ ಬೇರಿಂಗ್‌ಗೆ ಬೇರೆ ಆಯಿಲ್ ತೊಟ್ಟಿ ಇಲ್ಲ, ಪೆಟ್ರೋಲ್ ಜೊತೆ ಬರುವ ಆಯಿಲ್ಲೇ ಗತಿ. ಅದಕ್ಕೇ ಮೊದಲ ದಿನ ಅರ್ಧ ಗಂಟೆಯಾದರೂ ಓಡಿಸಿ ಒಳಗಿನ ತೇವ ಪೂರ್ತಿ ಆರಿಸಬೇಕು. ಪೆಟ್ರೋಲ್‌ಗೆ ಆಯಿಲ್ 50ಕ್ಕೆ 1 ಬೆರೆಸುವ ಎಂಜಿನ್‌ಗೆ ಮೊದಲ ಟ್ಯಾಂಕ್ ಮಟ್ಟಿಗೆ 25ಕ್ಕೆ 1 ಹಾಕಿ. ಹೊಗೆ ಜಾಸ್ತಿ ಬರಲಿ, ಪರವಾಗಿಲ್ಲ. ಬಂದ್ ಮಾಡಿ ಎತ್ತಿಡುವ ಮುಂಚೆ ಪ್ಲಗ್ ತೂತಿಗೆ ಒಂದು ಚಮಚ ಆಯಿಲ್ ಹಾಕಿ ಕೈಯಿಂದ ತಿರುಗಿಸಿಡಿ. ಡೀಸೆಲ್‌ಗೆ ಮಾತ್ರ ಗಾಳಿ ದಾರಿಯಲ್ಲಿ ಆಯಿಲ್ ಸುರಿಯಬೇಡಿ. ಅದು ಆಯಿಲನ್ನೇ ಉರಿಸಿಕೊಂಡು ಹಿಡಿತಕ್ಕೆ ಸಿಗದೆ ಓಡಬಹುದು.

ಸದ್ದು ಈಗಾಗಲೇ ಶುರುವಾಗಿದ್ದರೆ ಆಯಿಲ್ ಹೆಚ್ಚಿಸಿ ಪ್ರಯೋಜನವಿಲ್ಲ. ತುಕ್ಕು ಬೇರಿಂಗ್ ಮೇಲೆ ಗುಳಿ ಮಾಡಿದೆ. ಓಡಿಸುತ್ತಲೇ ಹೋದರೆ ಒಡೆದ ಚೂರು ಕ್ರ್ಯಾಂಕ್ ತಿನ್ನುತ್ತದೆ, ಆಗ ಬೇರಿಂಗ್ ಜೊತೆ ಕ್ರ್ಯಾಂಕೂ ಹೊಸದು ಬೇಕಾಗುತ್ತದೆ. ದೋಣಿ ಎಂಜಿನ್ ಆದರಂತೂ ಆ ಸದ್ದಿನ ಜೊತೆ ಹೊಳೆ ನಡುವೆ ಜನರನ್ನು ಕೂರಿಸಿಕೊಂಡು ಹೋಗಲೇಬೇಡಿ. ದಂಡೆಗೆ ಕಟ್ಟಿ, ಬೇರಿಂಗ್ ಬದಲಿಸಿದ ಮೇಲೆಯೇ ಬಿಚ್ಚಿ.